ಒಬ್ಬೊಬ್ಬರನ್ನೇ ಎಣಿಸುವ ಗಣರಾಜ್ಯ

ನಮ್ಮಲ್ಲಿ ಸಿಬಿಎಸ್‌ಇ ಹನ್ನೆರಡನೇ ತರಗತಿ ಓದಿದವರಿಗೆ ಫ್ರಾನ್ಸಿನ ಭಾಷಾ ಸಂಕಟದ ಪರಿಚಯವಾಗುವುದು ಆಲ್ಫೋನ್ಸ್ ದೋದೆಯ ‘ದಿ ಲಾಸ್ಟ್ ಲೆಸನ್’ ಕತೆಯಿಂದ. ಯುದ್ಧದಲ್ಲಿ ಸೋತ ಫ್ರಾನ್ಸ್ ಅಲ್ಸೇಸ್ ಸೀಮೆಯನ್ನು ಜರ್ಮನಿಗೆ ಬಿಟ್ಟುಕೊಟ್ಟಿದೆ. ನಾಳೆಯಿಂದ ಶಾಲೆಯಲ್ಲಿ ಜರ್ಮನ್ ಮಾತ್ರ ಎಂದು ಬರ್ಲಿನ್ನಿನಿಂದ ಹುಕುಂ ಬಂದಿದೆ. ಹಾಮೆಲ್ ಮೇಷ್ಟ್ರು ವಿಶೇಷ ದಿನಗಳಿಗೆಂದು ಎತ್ತಿಟ್ಟಿದ್ದ ಕೋಟು ತೊಟ್ಟು ಕೊನೆಯ ಫ್ರೆಂಚ್ ಪಾಠ ಮಾಡುತ್ತಾರೆ. ಓದಿದ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ಕತೆ ಒಂದು ಸಂಗತಿಯನ್ನು ಮೆಲ್ಲಗೆ ಬದಿಗೆ ಸರಿಸಿಬಿಟ್ಟಿದೆ. ಅಲ್ಸೇಸಿನ ಅಂಥ ಹಳ್ಳಿಗಳಲ್ಲಿ ಹೆಚ್ಚಿನ ಮಕ್ಕಳು ಮನೆಯಲ್ಲಿ ಆಡುತ್ತಿದ್ದದ್ದು ಫ್ರೆಂಚ್ ಅಲ್ಲ, ಜರ್ಮನ್ ಕುಲಕ್ಕೆ ಸೇರಿದ ಅಲ್ಸೇಸಿಯನ್. ಅವರ ಪಾಲಿಗೆ ಮೇಷ್ಟ್ರ ಫ್ರೆಂಚ್ ಕೂಡ ಎಂದೋ ಒಂದು ದಿನ ರಾಜಧಾನಿಯಿಂದ ಬಂದದ್ದೇ.

ಇದನ್ನು ದೋದೆಯ ಮೇಲಿನ ದೂರಾಗಿ ಹೇಳುತ್ತಿಲ್ಲ. ತನ್ನ ಭಾಷೆಗೆ ಬಂದ ಆಪತ್ತನ್ನು ಅಷ್ಟು ಚೆನ್ನಾಗಿ ಅರಿತ ದೇಶ, ಅದೇ ಕಾಲದಲ್ಲಿ ತನ್ನ ಇನ್ನೊಂದು ತುದಿಯಲ್ಲಿ ಏನು ಮಾಡುತ್ತಿತ್ತು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ಆ ತುದಿಯ ಹೆಸರು ಬ್ರಿಟನಿ. ಬ್ರಿಟನ್ ಅಲ್ಲ, ಬ್ರಿಟನಿ. ಅಟ್ಲಾಂಟಿಕ್ ಸಾಗರಕ್ಕೆ ಮೂಗು ಚಾಚಿಕೊಂಡಿರುವ ಪರ್ಯಾಯದ್ವೀಪ. ಸಾವಿರದ ಐನೂರು ವರ್ಷಗಳ ಹಿಂದೆ ಬ್ರಿಟನ್ ದ್ವೀಪದಿಂದ ಕಡಲು ದಾಟಿ ಬಂದವರು ತಂದ ಬ್ರೆಟನ್ ಭಾಷೆ ಅದರ ಪಶ್ಚಿಮಾರ್ಧದಲ್ಲಿ ಉಳಿದುಕೊಂಡಿತು. ವೇಲ್ಸಿನ ವೆಲ್ಷ್ ಅದರ ಒಡಹುಟ್ಟು. ಫ್ರೆಂಚಿಗೂ ಅದಕ್ಕೂ ಇರುವ ದೂರ ಹಿಂದಿಗೂ ಫ್ರೆಂಚಿಗೂ ಇರುವ ದೂರಕ್ಕಿಂತ ತೀರಾ ಕಡಿಮೆಯೇನಲ್ಲ.

ಹತ್ತೊಂಬತ್ತನೇ ಶತಮಾನದಿಂದ ಇಪ್ಪತ್ತನೆಯದರ ನಡುಭಾಗದವರೆಗೂ ಬ್ರಿಟನಿಯ ಎಷ್ಟೋ ಶಾಲೆಗಳಲ್ಲಿ ‘ಸಿಂಬೋಲ್’ ಎಂಬ ವಸ್ತುವೊಂದಿತ್ತು. ಕೆಲವು ಕಡೆ ಅದನ್ನು ‘ಹಸು’ ಎನ್ನುತ್ತಿದ್ದರು. ಒಂದೂರಲ್ಲಿ ಸವೆದ ಮರದ ಜೋಡು, ಇನ್ನೊಂದೂರಲ್ಲಿ ಹಲಗೆಯ ತುಂಡು, ಮತ್ತೊಂದೂರಲ್ಲಿ ಸ್ಲೇಟಿನ ಚೂರು. ಬೆಳಿಗ್ಗೆ ಯಾವ ಮಗುವಿನ ಬಾಯಲ್ಲಿ ಮೊದಲು ಬ್ರೆಟನ್ ಬಂತೋ ಅದರ ಕೊರಳಿಗೆ ದಾರ ಕಟ್ಟಿ ಅದನ್ನು ತೂಗುಬಿಡುವುದು. ಕಳಚಿಕೊಳ್ಳಲು ಇದ್ದದ್ದು ಒಂದೇ ದಾರಿ: ಬ್ರೆಟನ್ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಹಾಗೆ ಕೊರಳಿಂದ ಕೊರಳಿಗೆ ದಾಟುತ್ತಾ ಸಂಜೆ ಗಂಟೆ ಹೊಡೆಯುವಾಗ ಅದು ಯಾರ ಎದೆಯ ಮೇಲಿರುತ್ತದೋ ಅವನಿಗೆ ಏಟು, ಇಲ್ಲವೆ ಶಾಲೆ ಗುಡಿಸುವ ಕೆಲಸ, ಇಲ್ಲವೆ ನೂರು ಸಲ ಬರೆಯುವ ಶಿಕ್ಷೆ. ಕನ್ನಡ ಆಡಿದರೆ ದಂಡ ಹಾಕುವ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಕಂಡ ನಮಗೆ ಇದೇನೂ ಅಪರಿಚಿತವಲ್ಲ. ಆದರೆ ಅದರೊಳಗಿನ ಯಂತ್ರವನ್ನು ಒಮ್ಮೆ ಬಿಚ್ಚಿ ನೋಡಬೇಕು. ದಂಡ ಕಟ್ಟಿದರೆ ಮಾತು ಅಲ್ಲಿಗೆ ಮುಗಿಯಿತು. ಸಿಂಬೋಲ್ ಹಾಗಲ್ಲ, ಮೇಷ್ಟ್ರು ಒಂದು ಸಲ ಕಟ್ಟಿದರೆ ಸಾಕು, ಉಳಿದದ್ದನ್ನು ಮಕ್ಕಳೇ ನಡೆಸಿಕೊಂಡು ಹೋಗುತ್ತಾರೆ. ಆಟದ ಬಯಲಲ್ಲಿ ನಿನ್ನ ಮಾತಿಗೆ ಕಿವಿಗೊಡುವ ಗೆಳೆಯನೇ ನಿನ್ನನ್ನು ಹಿಡಿದುಕೊಡುವವನೂ ಹೌದು. ನಾಲಿಗೆಗೆ ಹಾಕಿದ ಬೀಗದಂತೆ ಕಂಡರೂ ಅದು ನಿಜವಾಗಿ ಕೆಲಸ ಮಾಡಿದ್ದು ಕಿವಿಯ ಮೇಲೆ. ಒಬ್ಬನೇ ಗೊಣಗಿಕೊಂಡರೆ ಕೇಳುವವರಿಲ್ಲ, ತಪ್ಪೂ ಇಲ್ಲ. ಇಬ್ಬರಾದ ಕೂಡಲೇ ಅಪಾಯ.

ಈ ಯಂತ್ರವನ್ನು ಮಾಡಿದ್ದು ದುಷ್ಟ ಸರಕಾರ ಎಂದುಬಿಟ್ಟರೆ ಯೋಚನೆಗೆ ಸುಲಭ. ಆದರೆ ಚರಿತ್ರೆ ಅಷ್ಟು ಸಲೀಸಾಗಿಲ್ಲ.

ಬ್ರಿಟನಿ ಒಂದು ಕಾಲಕ್ಕೆ ಸ್ವತಂತ್ರವಾಗಿದ್ದ ಸಂಸ್ಥಾನ. ಕೊನೆಯ ಒಡತಿ ಆನ್ ಒಬ್ಬರ ನಂತರ ಒಬ್ಬರಂತೆ ಫ್ರಾನ್ಸಿನ ಇಬ್ಬರು ರಾಜರನ್ನು ಮದುವೆಯಾಗಬೇಕಾಯಿತು. 1532ರಲ್ಲಿ ಸಂಸ್ಥಾನ ಫ್ರಾನ್ಸಿಗೆ ಸೇರಿತು. ಸೇರುವಾಗ ಕರಾರುಗಳಿದ್ದವು: ಬ್ರಿಟನಿಯ ಸಭೆಯ ಒಪ್ಪಿಗೆಯಿಲ್ಲದೆ ಹೊಸ ತೆರಿಗೆ ಇಲ್ಲ, ಅಲ್ಲಿಯವರ ವ್ಯಾಜ್ಯ ಅಲ್ಲೇ ತೀರಬೇಕು. ರಾಜರು ಒಪ್ಪಿದರು, ಆಗಾಗ ಮುರಿದರು, ಆದರೆ ಕರಾರು ಕರಾರಾಗಿಯೇ ಇತ್ತು. ರಾಜನಿಗೆ ತೆರಿಗೆ ಬಂದರೆ ಸಾಕಿತ್ತು. ರೈತ ಯಾವ ಭಾಷೆಯಲ್ಲಿ ಬೈಯುತ್ತಾನೆ ಎಂಬುದು ಅವನಿಗೆ ಬೇಕಿರಲಿಲ್ಲ. ಟಿಪ್ಪು ಸುಲ್ತಾನನ ರಾಯಭಾರಿಗಳು ಹದಿನಾರನೇ ಲೂಯಿಯನ್ನು ಕಂಡು ಊರಿಗೆ ಹೊರಟು ಹಡಗು ಹತ್ತಿದ್ದು ಇದೇ ಬ್ರಿಟನಿಯ ಬ್ರೆಸ್ಟ್ ಬಂದರಿನಲ್ಲಿ, 1788ರ ಕೊನೆಯ ತಿಂಗಳುಗಳಲ್ಲಿ. ನೌಕಾದಳದ ಆ ಪಟ್ಟಣದಲ್ಲಿ ಅಧಿಕಾರಿಗಳ ಮಾತು ಫ್ರೆಂಚ್, ಸುತ್ತಲ ಹಳ್ಳಿಗರ ಮಾತು ಬ್ರೆಟನ್. ಪರ್ಷಿಯನ್ನಿನಲ್ಲಿ ದರಬಾರಿನ ಪತ್ರ ಬರೆದು ಕನ್ನಡದ ರೈತರಿಂದ ಕಂದಾಯ ಎತ್ತುವ ರಾಜ್ಯದಿಂದ ಬಂದವರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಾರದು. ಹಳೆಯ ರಾಜ್ಯಗಳೆಲ್ಲ ಹಾಗೇ ಇದ್ದವು.

ಒಂದು ವರ್ಷ ಕಳೆಯುವಷ್ಟರಲ್ಲಿ ಫ್ರೆಂಚ್ ಕ್ರಾಂತಿ ಬಂದು ಎಲ್ಲ ಬದಲಾಯಿತು. ವಿಪರ್ಯಾಸವೆಂದರೆ ಬದಲಾಯಿಸಿದವರಲ್ಲಿ ಬ್ರಿಟನಿಯವರೇ ಮುಂದೆ. ವರ್ಸೈನಲ್ಲಿ ಬ್ರಿಟನಿಯ ಪ್ರತಿನಿಧಿಗಳು ಸಂಜೆ ಸೇರಿ ಚರ್ಚಿಸಲು ಕಟ್ಟಿಕೊಂಡ ‘ಬ್ರೆಟನ್ ಕ್ಲಬ್’ ಮುಂದೆ ಜಾಕೊಬಿನ್ ಕ್ಲಬ್ಬಾಗಿ ಬೆಳೆಯಿತು. ಇವತ್ತಿಗೂ ಕೇಂದ್ರವೇ ಸರ್ವಸ್ವ ಎನ್ನುವವರನ್ನು ಫ್ರಾನ್ಸಿನಲ್ಲಿ ಜಾಕೊಬಿನರು ಎಂದೇ ಕರೆಯುತ್ತಾರೆ. 1789ರ ಆಗಸ್ಟ್ 4ರ ರಾತ್ರಿ ಸಭೆಯಲ್ಲಿ ಜಮೀನುದಾರರು ತಮ್ಮ ಹಕ್ಕು ಬಿಟ್ಟರು, ಪಾದ್ರಿಗಳು ತಮ್ಮದನ್ನು ಬಿಟ್ಟರು, ಪ್ರಾಂತ್ಯಗಳು ತಮ್ಮ ವಿಶೇಷ ಸವಲತ್ತು ಬಿಟ್ಟವು. 1532ರ ಕರಾರೂ ಆ ಪ್ರವಾಹದಲ್ಲೇ ಹೋಯಿತು. ಮರುವರ್ಷ ಬ್ರಿಟನಿ ಎಂಬ ಹೆಸರೇ ಆಡಳಿತದ ನಕ್ಷೆಯಿಂದ ಅಳಿದು ಐದು ಜಿಲ್ಲೆಗಳಾಯಿತು.

ಆ ರಾತ್ರಿಯ ಉತ್ಸಾಹವನ್ನು ನಾನು ಲೇವಡಿ ಮಾಡಲಾರೆ. ಹುಟ್ಟಿದ ಮನೆ, ಹುಟ್ಟಿದ ಊರು, ಹುಟ್ಟಿದ ಮತ ಯಾವುದೂ ಮನುಷ್ಯನ ಬೆಲೆ ಕಟ್ಟಬಾರದು ಎಂಬ ಮಾತು ಅವತ್ತು ಹೊಸದು, ಇವತ್ತಿಗೂ ಎಲ್ಲ ಕಡೆ ಹಳತಾಗಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಯಹೂದಿಗಳಿಗೆ ಪೌರತ್ವ ಕೊಡುವ ಚರ್ಚೆಯಲ್ಲಿ ಕ್ಲೆರ್ಮೋಂ-ತೊನೇರ್ ಎಂಬ ಪ್ರತಿನಿಧಿ ಈ ವಿಚಾರವನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಟ್ಟ. ಒಂದು ಜನಾಂಗವಾಗಿ ಅವರಿಗೆ ಏನನ್ನೂ ಕೊಡಬಾರದು, ಒಬ್ಬೊಬ್ಬ ವ್ಯಕ್ತಿಯಾಗಿ ಎಲ್ಲವನ್ನೂ ಕೊಡಬೇಕು ಎಂಬುದು ಅವನ ವಾದದ ತಿರುಳು. ಫ್ರೆಂಚ್ ಗಣರಾಜ್ಯದ ಎರಡು ಶತಮಾನಗಳ ಚರಿತ್ರೆ ಬಹುಮಟ್ಟಿಗೆ ಈ ಒಂದು ವಾದದ ವಿಸ್ತರಣೆ. ಅದು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. ಒಬ್ಬನಿಗೂ ದೇಶಕ್ಕೂ ನಡುವೆ ಅದಕ್ಕೆ ಏನೂ ಕಾಣುವುದಿಲ್ಲ. ಕಾಣಬಾರದು ಎಂದೇ ಅದರ ಹಟ.

ಈ ಎಣಿಕೆಯ ಒಳಗೆ ಭಾಷೆ ಎಲ್ಲಿ ಕೂರುತ್ತದೆ? 1794ರಲ್ಲಿ ಅಬ್ಬೆ ಗ್ರೆಗ್ವಾರ್ ಕ್ರಾಂತಿಯ ಸಭೆಗೆ ವರದಿ ಕೊಟ್ಟ. ಕನಿಷ್ಠ 60 ಲಕ್ಷ ಮಂದಿಗೆ ಫ್ರೆಂಚ್ ಬರುವುದೇ ಇಲ್ಲ, ಇನ್ನೂ ಅಷ್ಟೇ ಮಂದಿಗೆ ಅದರಲ್ಲಿ ಮಾತು ಮುಂದುವರಿಸಲಾಗುವುದಿಲ್ಲ, ಶುದ್ಧವಾಗಿ ಆಡುವವರು 30 ಲಕ್ಷ ದಾಟುವುದಿಲ್ಲ ಎಂದು ಅವನ ಲೆಕ್ಕ. ಉಳಿದ ಭಾಷೆಗಳನ್ನು ಅಳಿಸಬೇಕು ಎಂಬುದು ಶಿಫಾರಸು. ಇವನು ಯಹೂದಿಗಳ ಪೌರತ್ವಕ್ಕೆ, ಕರಿಯರ ಬಿಡುಗಡೆಗೆ ಹೋರಾಡಿದ ಮನುಷ್ಯ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಕಾನೂನು ಅರ್ಥವಾಗದ ರೈತ ವಕೀಲನ ಕೈಗೊಂಬೆಯಾಗುತ್ತಾನೆ, ಆದ್ದರಿಂದ ಎಲ್ಲರಿಗೂ ಒಂದೇ ಭಾಷೆ ಬರಬೇಕು ಎಂಬ ಕಾಳಜಿ ಅವನದು. ಅದೇ ವರ್ಷದ ಜನವರಿಯಲ್ಲಿ ಬಾರೇರ್ ಎಂಬ ಪ್ರತಿನಿಧಿ ಇನ್ನೂ ಒರಟಾಗಿ ಹೇಳಿದ್ದ: ಪ್ರತ್ಯೇಕತೆ ಮತ್ತು ಮೂಢನಂಬಿಕೆಯ ಭಾಷೆ ಬ್ರೆಟನ್, ದೇಶ ಬಿಟ್ಟು ಓಡಿದವರದು ಜರ್ಮನ್, ಮತಾಂಧತೆಯದು ಬಾಸ್ಕ್. ಒಬ್ಬನದು ಅನುಕಂಪ, ಇನ್ನೊಬ್ಬನದು ಗುಮಾನಿ. ಎರಡೂ ಬಂದು ನಿಂತದ್ದು ಒಂದೇ ಬಾಗಿಲಲ್ಲಿ.

ಎಲ್ಲರಿಗೂ ಫ್ರೆಂಚ್ ಕಲಿಸುವುದು ಒಂದು ಕೆಲಸ. ಬ್ರೆಟನ್ ಮರೆಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಎರಡನೆಯದು ಬೇಕಾಗಿರಲಿಲ್ಲ. ಮಕ್ಕಳ ತಲೆಯಲ್ಲಿ ಎರಡು ಭಾಷೆಗೆ ಜಾಗವಿದೆ ಎಂಬುದು ಗಡಿ ಊರುಗಳಲ್ಲಿ ಬೆಳೆದ ಯಾರಿಗೂ ಗೊತ್ತು. ಸಮಾನತೆಯ ಹಂಬಲ ಏಕರೂಪದ ಹಟವಾಗಿ ಯಾವ ಗಳಿಗೆಯಲ್ಲಿ ತಿರುಗಿತು ಎಂದು ನಾನು ಹುಡುಕುತ್ತ ಹೋದಷ್ಟೂ ಕಾಣುವುದು ಒಂದು ಭಯ. ನನಗೆ ಅರ್ಥವಾಗದ ಭಾಷೆಯಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಿದ್ದರೆ ಅವರು ನನ್ನ ವಿರುದ್ಧವೇ ಏನೋ ಹೇಳುತ್ತಿರಬೇಕು ಎಂಬ ಭಯ. ಬಸ್ಸಿನಲ್ಲಿ ಕೂತ ಸಾಮಾನ್ಯನಿಗೂ ಅದು ಬರುತ್ತದೆ. ಪ್ಯಾರಿಸ್ಸಿನಲ್ಲಿ ಕೂತ ಸಭೆಗೆ ಬಂದಾಗ ಶಾಸನವಾಯಿತು.

ಭಯಕ್ಕೆ ಕಾರಣವೇ ಇರಲಿಲ್ಲ ಎನ್ನಲೂ ಆಗದು. ಬ್ರಿಟನಿಯ ಪಾದ್ರಿಗಳು ಹೊಸ ವಿಚಾರಗಳು ಊರೊಳಗೆ ನುಗ್ಗದಂತೆ ಬ್ರೆಟನ್ ಭಾಷೆಯನ್ನೇ ಗೋಡೆಯಾಗಿ ಬಳಸಿದ್ದುಂಟು. ಭಾಷೆ ಉಳಿದರೆ ಭಕ್ತಿ ಉಳಿಯುತ್ತದೆ ಎಂಬ ಲೆಕ್ಕ ಅವರದು. 1902ರಲ್ಲಿ ಪ್ರಧಾನಿ ಎಮಿಲ್ ಕೋಂಬ್ ಚರ್ಚಿನ ಉಪದೇಶದಲ್ಲಿ, ಮಕ್ಕಳ ಧರ್ಮಪಾಠದಲ್ಲಿ ಬ್ರೆಟನ್ ಬಳಸಕೂಡದು ಎಂದು ಸುತ್ತೋಲೆ ಹೊರಡಿಸಿದ. ಕೇಳದ ಪಾದ್ರಿಗಳ ಸಂಬಳ ನಿಲ್ಲಿಸಿದ. ಗೋಡೆ ಕಟ್ಟಿದವರೂ ಕೆಡವಿದವರೂ ಭಾಷೆಯನ್ನು ಇನ್ನಾವುದಕ್ಕೋ ಆಯುಧವಾಗಿ ಕಂಡರು. ಎರಡನೇ ಮಹಾಯುದ್ಧದಲ್ಲಿ ಇದು ಅತ್ಯಂತ ಕೆಟ್ಟ ರೂಪ ತಾಳಿತು. ಬ್ರೆಟನ್ ರಾಷ್ಟ್ರೀಯವಾದಿಗಳಲ್ಲಿ ಒಂದು ಗುಂಪು ಜರ್ಮನರ ಜತೆ ಕೈಜೋಡಿಸಿತು, ಕೆಲವರು ಜರ್ಮನ್ ಸಮವಸ್ತ್ರ ತೊಟ್ಟು ತಮ್ಮ ನೆರೆಹೊರೆಯವರನ್ನೇ ಬೇಟೆಯಾಡಿದರು. ಬ್ರಿಟನಿಯ ಅಸಂಖ್ಯ ಮಂದಿ ಪ್ರತಿರೋಧ ದಳಗಳಲ್ಲಿದ್ದರು ಎಂಬುದು ನಿಜ. ಆದರೂ ಯುದ್ಧ ಮುಗಿದ ಮೇಲೆ ಬ್ರೆಟನ್ ಎಂದು ಗಟ್ಟಿಯಾಗಿ ಹೇಳುವವರ ಕಡೆ ಜನ ಓರೆಗಣ್ಣಿಂದ ನೋಡುವುದು ಬಹಳ ಕಾಲ ನಿಲ್ಲಲಿಲ್ಲ. ಆ ಕಳಂಕವನ್ನು ಬ್ರೆಟನ್ ಚಳವಳಿ ಮುಚ್ಚಿಡದೆ ಎದುರಿಸಬೇಕು. ಕೆಲವೊಮ್ಮೆ ಎದುರಿಸಿದೆ, ಕೆಲವೊಮ್ಮೆ ನುಣುಚಿಕೊಂಡಿದೆ.

ಸಿಂಬೋಲ್, ಸುತ್ತೋಲೆ, ಶಾಸನ ಇಷ್ಟೆಲ್ಲ ಆದರೂ 1950ರ ಸುಮಾರಿಗೆ ಹತ್ತು ಲಕ್ಷದಷ್ಟು ಮಂದಿ ಬ್ರೆಟನ್ ಆಡುತ್ತಿದ್ದರು. ಭಾಷೆ ನಿಜವಾಗಿ ಕುಸಿದದ್ದು ಆಮೇಲೆ, ಯಾರೂ ಹೊಡೆಯದೆ ಇದ್ದಾಗ. 1951ರಲ್ಲಿ ದೆಕ್ಸೊನ್ ಕಾನೂನು ಶಾಲೆಯಲ್ಲಿ ಬ್ರೆಟನ್ ಕಲಿಸಲು ಸ್ವಲ್ಪ ಬಾಗಿಲು ತೆರೆದಿತ್ತು. ಅದೇ ಹೊತ್ತಿಗೆ ಹಳ್ಳಿಯ ತಾಯಂದಿರು ಗಂಡನ ಜತೆ, ಅತ್ತೆಯ ಜತೆ, ಹಸುಗಳ ಜತೆ ಬ್ರೆಟನ್ನಿನಲ್ಲಿ ಮಾತಾಡುತ್ತ, ತೊಟ್ಟಿಲ ಕಡೆ ತಿರುಗಿದಾಗ ಮಾತ್ರ ತಮಗೆ ಸರಿಯಾಗಿ ಬಾರದ ಫ್ರೆಂಚಿಗೆ ಹೊರಳತೊಡಗಿದರು. ಒಂದೇ ತಲೆಮಾರು. ಕೊರಳಲ್ಲಿ ಜೋಡು ತೂಗಿಸಿಕೊಂಡ ಹುಡುಗಿ ತಾಯಿಯಾದಾಗ ತನ್ನ ಮಗಳಿಗೆ ಅದು ಬೇಡ ಎಂದುಕೊಂಡಳು. ಪ್ಯಾರಿಸ್ಸಿನ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಇಳಿದು ಮನೆಗೆಲಸಕ್ಕೆ ಹೋಗುತ್ತಿದ್ದ ಬ್ರೆಟನ್ ಹುಡುಗಿಯರನ್ನು ಊರು ಹೇಗೆ ನೋಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. 1905ರಿಂದ ಮಕ್ಕಳ ಪತ್ರಿಕೆಯಲ್ಲಿ ಬರುತ್ತಿದ್ದ ಬೆಕಾಸಿನ್ ಎಂಬ ಚಿತ್ರಕತೆಯ ನಾಯಕಿ ಅಂಥದೇ ಒಬ್ಬ ಪೆದ್ದು ಕೆಲಸದವಳು. ಚಿತ್ರಗಾರ ಅವಳಿಗೆ ಹೆಚ್ಚಿನ ಚಿತ್ರಗಳಲ್ಲಿ ಬಾಯಿಯನ್ನೇ ಬಿಡಿಸುತ್ತಿರಲಿಲ್ಲ. ಮಗಳಿಗೆ ಬ್ರೆಟನ್ ಕೊಡದೆ ಇದ್ದದ್ದು ತಾಯಿಯ ಪ್ರೀತಿಯೇ. ಇಲ್ಲಿ ಯಾರನ್ನು ದೂಷಿಸುವುದು? ಆಯ್ಕೆ ಅವರದೇ, ಯಾರೂ ಬಲವಂತ ಮಾಡಲಿಲ್ಲ ಎಂದು ಗಣರಾಜ್ಯ ಕೈತೊಳೆದುಕೊಳ್ಳಬಹುದು. ಒಬ್ಬೊಬ್ಬರನ್ನೇ ನೋಡಿದರೆ ಅದು ಸುಳ್ಳೂ ಅಲ್ಲ. ಲಕ್ಷಾಂತರ ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಆಯ್ಕೆ ಮಾಡಿದರು ಎಂದಾಗ ಮಾತ್ರ ಅದು ಆಯ್ಕೆಯ ಹಾಗೆ ಕಾಣುವುದಿಲ್ಲ.

1969ರ ಫೆಬ್ರವರಿಯಲ್ಲಿ ಅಧ್ಯಕ್ಷ ದ ಗಾಲ್ ಬ್ರಿಟನಿಯ ಕೆಂಪೇರ್ ಪಟ್ಟಣಕ್ಕೆ ಬಂದು ಪ್ರಾಂತ್ಯಗಳಿಗೆ ಒಂದಿಷ್ಟು ಅಧಿಕಾರ ಕೊಡುವ ಜನಮತಗಣನೆಯನ್ನು ಘೋಷಿಸಿದ. ಭಾಷಣದ ನಡುವೆ ಬ್ರೆಟನ್ನಿನಲ್ಲಿ ನಾಲ್ಕು ಸಾಲು ಹೇಳಿದ. ತನ್ನದೇ ಹೆಸರಿನ ದೊಡ್ಡಪ್ಪ ಬ್ರೆಟನ್ನಿನಲ್ಲಿ ಕವಿತೆ ಬರೆಯುತ್ತಿದ್ದವನು, ಅವನ ಸಾಲುಗಳವು. ಫ್ರಾನ್ಸಿನ ಅಖಂಡತೆಯನ್ನೇ ಉಸಿರಾಡಿದ ಮನುಷ್ಯನ ಮನೆಯೊಳಗೇ ಬ್ರೆಟನ್ ಕವಿಯೊಬ್ಬನಿದ್ದ. ಏಪ್ರಿಲಿನಲ್ಲಿ ಜನಮತ ಸೋತಿತು. ಮರುದಿನ ದ ಗಾಲ್ ರಾಜೀನಾಮೆ ಕೊಟ್ಟ.

ಈಗ ಕಾನೂನಿನ ಕಡೆ ಬರೋಣ, ಯಾಕೆಂದರೆ ನನ್ನ ಪ್ರಶ್ನೆಯ ಗಂಟು ಇರುವುದು ಅಲ್ಲಿ. 1992ರಲ್ಲಿ ಸಂವಿಧಾನದ ಎರಡನೇ ವಿಧಿಗೆ, ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ವಾಕ್ಯ ಸೇರಿತು. ಗುರಿ ಇಂಗ್ಲಿಷ್, ಪ್ರಾದೇಶಿಕ ಭಾಷೆಗಳಿಗೆ ಇದರಿಂದ ತೊಂದರೆಯಿಲ್ಲ ಎಂದು ಸಂಸತ್ತಿನಲ್ಲಿ ಭರವಸೆ ಸಿಕ್ಕಿತು. ಇಂಗ್ಲಿಷಿಗೆ ಅದರಿಂದ ಕೂದಲೂ ಕೊಂಕಲಿಲ್ಲ. 1999ರಲ್ಲಿ ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನದಿಗೆ ಸರಕಾರ ಸಹಿ ಹಾಕಿದಾಗ, ಸಂವಿಧಾನ ಪರಿಷತ್ತು ಅದೇ ವಿಧಿಯನ್ನೂ ಮೊದಲನೆಯ ವಿಧಿಯನ್ನೂ ಹಿಡಿದು ತಡೆ ಒಡ್ಡಿತು. ಅದು ಕೊಟ್ಟ ಕಾರಣವನ್ನು ಗಮನಿಸಬೇಕು: ಈ ಸನದು ನಿರ್ದಿಷ್ಟ ಪ್ರದೇಶದೊಳಗಿನ ಭಾಷಿಕರ ‘ಗುಂಪು’ಗಳಿಗೆ ವಿಶೇಷ ಹಕ್ಕು ಕೊಡುತ್ತದೆ, ಹಾಗಾಗಿ ಗಣರಾಜ್ಯದ ಅಖಂಡತೆಗೆ, ಸಮಾನತೆಗೆ, ಫ್ರೆಂಚ್ ಜನತೆ ಒಂದೇ ಎಂಬ ತತ್ವಕ್ಕೆ ಧಕ್ಕೆ. ಕ್ಲೆರ್ಮೋಂ-ತೊನೇರ್‌ನ ವಾದ ಇನ್ನೂರ ಹತ್ತು ವರ್ಷಗಳ ನಂತರ ತೀರ್ಪಿನ ಭಾಷೆಯಲ್ಲಿ ಮರಳಿತ್ತು. ಇವತ್ತಿಗೂ ಫ್ರಾನ್ಸ್ ಆ ಸನದನ್ನು ಅನುಮೋದಿಸಿಲ್ಲ.

2008ರಲ್ಲಿ ಒಂದು ಸಮಾಧಾನ ಸಿಕ್ಕಿತು. ಪ್ರಾದೇಶಿಕ ಭಾಷೆಗಳು ಫ್ರಾನ್ಸಿನ ಪರಂಪರೆಯ ಭಾಗ ಎಂದು ಸಂವಿಧಾನದಲ್ಲಿ 75-1 ಎಂಬ ವಿಧಿ ಬಂತು. ಮೂರು ವರ್ಷಗಳ ಬಳಿಕ ಇದನ್ನು ನಂಬಿ ಯಾರೋ ಮೊರೆಹೋದಾಗ ಪರಿಷತ್ತು ಸ್ಪಷ್ಟಪಡಿಸಿತು: ಈ ವಿಧಿಯಿಂದ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ಹಳೆಯ ಕೋಟೆಗೂ ಹಕ್ಕಿಲ್ಲ, ಅದನ್ನು ನೋಡಿಕೊಳ್ಳುವ ಔದಾರ್ಯ ಸರಕಾರಕ್ಕಿದ್ದರೆ ಉಂಟು. ಪರಂಪರೆ ಎಂದು ಗೌರವಿಸುವುದು ಒಂದು ಬಗೆಯಲ್ಲಿ ಸತ್ತದ್ದೆಂದು ಘೋಷಿಸುವ ಸಭ್ಯ ದಾರಿಯೂ ಆಗಬಹುದು ಎಂದು ನನಗನ್ನಿಸಿದ್ದು ಈ ತೀರ್ಪಿನ ಬಗ್ಗೆ ಓದಿದಾಗ.

ಆದರೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು 2021ರ ತೀರ್ಪು. ಅದರ ಹಿಂದಿನ ಕತೆ ಹೀಗೆ. 1977ರಲ್ಲಿ ಬ್ರಿಟನಿಯ ವಾಯವ್ಯ ಕರಾವಳಿಯ ಒಂದು ಹಳ್ಳಿಯಲ್ಲಿ ಕೆಲವು ತಂದೆತಾಯಿಗಳು ಬೆರಳೆಣಿಕೆಯ ಮಕ್ಕಳನ್ನು ಸೇರಿಸಿ ದಿವಾನ್ ಎಂಬ ಶಿಶುವಿಹಾರ ಶುರುಮಾಡಿದರು. ಇವರಲ್ಲಿ ಅನೇಕರಿಗೆ ಬ್ರೆಟನ್ ತೊಟ್ಟಿಲಲ್ಲಿ ಸಿಕ್ಕಿರಲಿಲ್ಲ, ದೊಡ್ಡವರಾದ ಮೇಲೆ ಛಲದಿಂದ ಕಲಿತದ್ದು. ವಿಧಾನ ಸರಳ: ಶಾಲೆಯ ಗೇಟು ದಾಟಿದರೆ ಎಲ್ಲವೂ ಬ್ರೆಟನ್. ಲೆಕ್ಕ ಬ್ರೆಟನ್ನಿನಲ್ಲಿ, ಊಟದ ಸಾಲಿನಲ್ಲಿ ನೂಕಾಡಿದರೆ ಬೈಗುಳವೂ ಬ್ರೆಟನ್ನಿನಲ್ಲಿ. ಫ್ರೆಂಚ್ ಕೆಲ ವರ್ಷ ತಡವಾಗಿ ತರಗತಿಗೆ ಬರುತ್ತದೆ. ಬೀದಿಯಲ್ಲಿ, ಟಿವಿಯಲ್ಲಿ, ಮನೆಯಲ್ಲಿ ಹೇಗೂ ಇದ್ದೇ ಇದೆ. ಇಂಥ ಶಾಲೆಗಳು ಪ್ರೌಢಶಾಲೆಯ ಮಟ್ಟಕ್ಕೂ ಬೆಳೆದವು. ಮೊರ್ಬಿಆನ್ ಜಿಲ್ಲೆಯ ಸಂಸದ ಪೋಲ್ ಮೊಲಾಕ್ ತಂದ ಮಸೂದೆ ಈ ಕ್ರಮವನ್ನು ಸರಕಾರಿ ಶಾಲೆಗಳಿಗೂ ತೆರೆಯಲು ನೋಡಿತು. 2021ರ ಏಪ್ರಿಲ್ 8ರಂದು ಕೆಳಮನೆಯಲ್ಲಿ 247 ಮತ ಪರ, 76 ವಿರುದ್ಧ. ಮೇ 21ಕ್ಕೆ ಸಂವಿಧಾನ ಪರಿಷತ್ತು ಆ ಭಾಗವನ್ನು ಹೊಡೆದುಹಾಕಿತು. ಕಾರಣ, ಈ ಶಾಲೆಗಳು ಭಾಷೆಯನ್ನು ಕಲಿಸುವುದಕ್ಕೆ ನಿಲ್ಲುವುದಿಲ್ಲ. ಅದನ್ನು ಬೋಧನೆಯ ಮುಖ್ಯ ಭಾಷೆಯಾಗಿಯೂ ಶಾಲೆಯೊಳಗಿನ ವ್ಯವಹಾರದ ಭಾಷೆಯಾಗಿಯೂ ಬಳಸುತ್ತವೆ.

ಕಲಿಸಬಹುದು, ಬಳಸಕೂಡದು. ಬ್ರೆಟನ್ ಒಂದು ವಿಷಯವಾಗಿರಲಿ, ಭೂಗೋಳದ ಹಾಗೆ. ಮಕ್ಕಳ ನಡುವಿನ ಮಾತಾಗುವುದು ಬೇಡ. ನೂರು ವರ್ಷಗಳ ಹಿಂದೆ ಜೋಡಿನ ದಾರ ಬಿಗಿದದ್ದೂ ಇಲ್ಲೇ, ಆಟದ ಬಯಲಲ್ಲಿ. ಈಗ ಶಿಕ್ಷೆಯಿಲ್ಲ, ಅವಮಾನವಿಲ್ಲ, ಎಲ್ಲ ಅತ್ಯಂತ ಗೌರವದ ಭಾಷೆಯಲ್ಲಿದೆ. ನ್ಯಾಯಮೂರ್ತಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿರುವ ಜರಡಿಯ ಕಣ್ಣು ಒಬ್ಬ ವ್ಯಕ್ತಿಯ ಗಾತ್ರದ್ದು. ಪತ್ರಿಕಾ ಸ್ವಾತಂತ್ರ್ಯ, ಆಸ್ತಿಯ ಹಕ್ಕು, ಮತದ ಹಕ್ಕು ಇವನ್ನೆಲ್ಲ ಒಬ್ಬ ಮನುಷ್ಯ ತನ್ನ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು. ಮಾತಾಡುವ ಹಕ್ಕನ್ನು ಹಾಗೆ ಇಟ್ಟುಕೊಳ್ಳಲಾಗದು. ಫ್ರಾನ್ಸಿನ ಯಾವ ಪ್ರಜೆಗೂ ಬ್ರೆಟನ್ ಆಡಲು ಅಡ್ಡಿಯಿಲ್ಲ, ನಿಜವೇ. ಆದರೆ ಆಡಲು ಎದುರಿಗೊಬ್ಬ ಬೇಕು, ಅವನು ನಾಳೆಯೂ ಇರಬೇಕು, ಅವನ ಮಗುವೂ ಇರಬೇಕು. ಆ ಎದುರಿನವನನ್ನು ಹುಟ್ಟಿಸುವ ಏರ್ಪಾಡನ್ನೇ ‘ಗುಂಪಿನ ಹಕ್ಕು’ ಎಂದು ತಳ್ಳಿಹಾಕಿದರೆ ವ್ಯಕ್ತಿಗೆ ಕೊಟ್ಟದ್ದೂ ಅವನ ಕೈಯಲ್ಲೇ ಒಣಗಿಹೋಗುತ್ತದೆ.

ಅದೇ ತೀರ್ಪು ಇನ್ನೊಂದು ಕಲಮನ್ನೂ ಅಳಿಸಿತು. ಫ್ರಾನ್ಸ್ವಾ ಎಂಬ ಹೆಸರಿಗೆ ಬ್ರೆಟನ್ನಿನಲ್ಲಿ ಇರುವ ರೂಪದಲ್ಲಿ ಒಂದು ಅಕ್ಷರದ ನೆತ್ತಿಯ ಮೇಲೆ ಅಲೆಯಂಥ ಪುಟ್ಟ ಗೆರೆ ಬರುತ್ತದೆ. 2017ರಲ್ಲಿ ಕೆಂಪೇರಿನಲ್ಲಿ ಹುಟ್ಟಿದ ಒಂದು ಕೂಸಿಗೆ ತಂದೆತಾಯಿ ಆ ಹೆಸರಿಟ್ಟರು. ಗೆರೆ ಫ್ರೆಂಚಿನದ್ದಲ್ಲ ಎಂದು ಸರಕಾರಿ ವಕೀಲರು ಆಕ್ಷೇಪಿಸಿದರು, ಕೆಳಗಿನ ನ್ಯಾಯಾಲಯ ಹೌದೆಂದಿತು, 2018ರಲ್ಲಿ ರೆನ್ನಿನ ಮೇಲ್ಮನವಿ ನ್ಯಾಯಾಲಯ ಕೂಸಿನ ಪರವಾಗಿ ತೀರ್ಪಿತ್ತಿತು. ಇಂಥ ಗೆರೆಗಳಿಗೆ ಕಾಯಂ ಅವಕಾಶ ಕೊಡಬೇಕೆಂದಿತ್ತು ಮೊಲಾಕ್ ಮಸೂದೆ. ಅದಕ್ಕೂ ಕತ್ತರಿ ಬಿತ್ತು. ಅಖಂಡ ಗಣರಾಜ್ಯ ಒಂದು ಗೆರೆಗೆ ಅಂಜುವುದು ನಗು ತರಿಸಬಹುದು, ತೊಟ್ಟಿಲ ಪಕ್ಕ ಸಮನ್ಸು ಹಿಡಿದು ಕೂತವರಿಗೆ ಬಿಟ್ಟು.

ನಮ್ಮ ಸಂವಿಧಾನ ಈ ವಿಚಾರದಲ್ಲಿ ಬೇರೆ ದಾರಿ ಹಿಡಿದಿದೆ. 29ನೇ ವಿಧಿ ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಪ್ರಜೆಗಳ ವರ್ಗವನ್ನು ನೇರವಾಗಿ ಕಾಣುತ್ತದೆ. ನಮ್ಮ ಜನಗಣತಿ ಮಾತೃಭಾಷೆ ಯಾವುದೆಂದು ಕೇಳುತ್ತದೆ. ಫ್ರಾನ್ಸಿನ ಜನಗಣತಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಹಾಗೆಂದು ಬೀಗುವಂತಿಲ್ಲ. ಕಾಣುವುದೂ ಕಂಡವರಿಗೆ ಜಾಗ ಕೊಡುವುದೂ ಒಂದೇ ಅಲ್ಲ ಎಂಬುದನ್ನು ಎಂಟನೇ ಪರಿಚ್ಛೇದದ ಹೊರಗೆ ನಿಂತಿರುವ ತುಳುವರೂ ಕೊಡವರೂ ನಮಗೆ ಹೇಳಬಲ್ಲರು.

ಮತ್ತೆ ಬ್ರಿಟನಿಗೆ. ಗುಂಪಿಗೆ ಹಕ್ಕು ಕೊಟ್ಟರೆ ಗುಂಪೇ ವ್ಯಕ್ತಿಯನ್ನು ಕಟ್ಟಿಹಾಕೀತು ಎಂಬ ಜಾಕೊಬಿನರ ಎಚ್ಚರಿಕೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸಣ್ಣದಕ್ಕೂ ತನ್ನದೇ ಒಂದು ಪ್ಯಾರಿಸ್ ಇರುತ್ತದೆ. ಬ್ರಿಟನಿಯ ಪೂರ್ವಾರ್ಧದ ಹಳ್ಳಿಗಳ ಹಳೆಯ ಮಾತು ಬ್ರೆಟನ್ನೇ ಅಲ್ಲ, ಫ್ರೆಂಚಿಗೆ ಹತ್ತಿರದ ಗಾಲೊ. ಆದರೂ ಅದೇ ಸೀಮೆಯ ರೆನ್ ನಗರದ ಕಾಲ್ಚೆಂಡು ಕ್ರೀಡಾಂಗಣಕ್ಕೆ ಈಗ ಊರಿನ ಬ್ರೆಟನ್ ಹೆಸರು. ಗಾಲೊ ಆಡುವವರು ತಮ್ಮ ಸೀಮೆಯಲ್ಲೇ ಮೂರನೆಯವರು. ಬ್ರೆಟನ್ನಿನ ಒಳಗೂ ಹಾಗೇ. ಒಂದೊಂದು ಸೀಮೆಗೆ ಒಂದೊಂದು ಬಗೆಯ ಉಚ್ಚಾರ. ಬರಹಕ್ಕೆಂದು 1941ರಲ್ಲಿ ಕಟ್ಟಿದ ಏಕರೂಪ ಕಾಗುಣಿತ, ಪುಸ್ತಕದಿಂದ ಎತ್ತಿದ ಹೊಸ ಶಬ್ದಗಳು, ಫ್ರೆಂಚ್ ರಾಗ ಇವೆಲ್ಲ ಬೆರೆತ ಬ್ರೆಟನ್ನಿನಲ್ಲಿ ಶಾಲೆಯ ಹುಡುಗಿ ಮಾತಾಡಿಸಿದರೆ ಎಷ್ಟೋ ಸಲ ಹಳ್ಳಿಯ ಮುದುಕ ಫ್ರೆಂಚಿನಲ್ಲೇ ಉತ್ತರಿಸುತ್ತಾನೆ. ಸೌಜನ್ಯಕ್ಕೋ, ಅರ್ಥವಾಗದ್ದಕ್ಕೋ, ಹಳೆಯ ನಾಚಿಕೆಗೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಎದುರಿನವನಿದ್ದೂ ಮಾತು ಹರಿಯದ ಈ ಕ್ಷಣಕ್ಕೆ ಯಾವ ಕಾನೂನೂ ಮದ್ದಲ್ಲ.

ಹರಿಯುವ ಕಡೆಯೂ ಇದೆ. ಬ್ರಿಟನಿಯ ನಡುಭಾಗದ ಹಳ್ಳಿಗಳಲ್ಲಿ ರಾತ್ರಿಕುಣಿತಕ್ಕೆ ಹಾಡುವ ‘ಕಾನ್ ಹ ದಿಸ್ಕಾನ್’ ಎಂಬ ಪದ್ಧತಿಯಿದೆ. ವಾದ್ಯವಿಲ್ಲ, ಇಬ್ಬರು ಗಾಯಕರು ಪಕ್ಕಪಕ್ಕ ನಿಲ್ಲುತ್ತಾರೆ, ಹೆಚ್ಚಾಗಿ ತೋಳಿಗೆ ತೋಳು ಸೇರಿಸಿ. ಮೊದಲಿನವನು ಒಂದು ಸಾಲು ಹಾಡುತ್ತಾನೆ. ಅದರ ಕೊನೆಯ ಎರಡು ಮೂರು ಅಕ್ಷರಗಳಿಗೆ ಎರಡನೆಯವನು ದನಿ ಸೇರಿಸಿ, ಸಾಲನ್ನು ಎತ್ತಿಕೊಂಡು ಪೂರ್ತಿ ಮರುಹಾಡುತ್ತಾನೆ. ಅದರ ಕೊನೆಗೆ ಮೊದಲಿನವನು ಮತ್ತೆ ಸೇರುತ್ತಾನೆ. ಹಾಗಾಗಿ ನಡುವೆ ಉಸಿರಿಗೆ ಬಿಡುವಿಲ್ಲ, ಕುಣಿಯುವವರ ಕಾಲಿಗೂ ಬಿಡುವಿಲ್ಲ. ಒಬ್ಬ ಉಸಿರು ತೆಗೆದುಕೊಳ್ಳುವುದು ಇನ್ನೊಬ್ಬನ ಸಾಲಿನಲ್ಲಿ. ನಶಿಸುತ್ತಿದ್ದ ಈ ರಾತ್ರಿಕುಣಿತವನ್ನು 1950ರ ದಶಕದಲ್ಲಿ ಲೋಯೀಜ್ ರೋಪಾರ್ಸ್ ಎಂಬ ಶಿಕ್ಷಕ ಹೊಸದಾಗಿ ಸಭೆಗೆ ತಂದರು. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಹೆಸರು ಕಳಿಸಿದ್ದು ಫ್ರಾನ್ಸೇ. ಕುಣಿತಕ್ಕೆ ತೊಂದರೆಯಿಲ್ಲ, ಅದು ಪ್ರವಾಸಿಗರಿಗೂ ಚೆಂದ. ಆದರೆ ಎರಡನೆಯ ಗಾಯಕ ಸಾಲನ್ನು ಎತ್ತಿಕೊಳ್ಳಬೇಕಾದರೆ ಅವನಿಗೆ ಆ ಸಾಲು ಅರ್ಥವಾಗಬೇಡವೇ?

2018ರ ಸಮೀಕ್ಷೆಯಲ್ಲಿ ಬ್ರೆಟನ್ ಬಲ್ಲವರು ಎರಡು ಲಕ್ಷ ದಾಟಿದ್ದರು. 2024ರ ಸಮೀಕ್ಷೆಯಲ್ಲಿ ಒಂದು ಲಕ್ಷದ ಏಳು ಸಾವಿರ. ಹಳಬರು ತೀರಿಹೋಗುತ್ತಿದ್ದಾರೆ. ದ್ವಿಭಾಷಾ ತರಗತಿಗಳಲ್ಲಿ ಇಪ್ಪತ್ತು ಸಾವಿರದಷ್ಟು ಮಕ್ಕಳಿದ್ದಾರೆ. ಹೋಗುವವರಿಗೂ ಬರುವವರಿಗೂ ಲೆಕ್ಕ ತಾಳೆಯಾಗುವುದಿಲ್ಲ.

2021ರ ತೀರ್ಪಿನ ನಂತರ ಗ್ಯಾಂಗಾಂ ಪಟ್ಟಣದ ಬೀದಿಗಳಲ್ಲಿ ಸಾವಿರಾರು ಜನ ಮೆರವಣಿಗೆ ನಡೆಸಿದರು. ದಿವಾನ್ ಶಾಲೆಗಳು ಮುಚ್ಚಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಶಿಕ್ಷಣ ಸಚಿವಾಲಯ ಸುತ್ತೋಲೆ ಹೊರಡಿಸಿ, ಆ ಬಗೆಯ ಬೋಧನೆಯೂ ಕಲಿಕೆಯ ಒಂದು ಸಾಧ್ಯ ಉಪಾಯ ಎಂದು ಒಪ್ಪಿಕೊಂಡಿತು. ಸಂವಿಧಾನ ಪರಿಷತ್ತು ಬೇಡವೆಂದದ್ದು ಹೀಗೆ ಸುತ್ತೋಲೆಯ ದಾಕ್ಷಿಣ್ಯದಲ್ಲಿ ನಡೆಯುತ್ತಿದೆ. 1902ರಲ್ಲಿ ಬ್ರೆಟನ್ನನ್ನು ಚರ್ಚಿನಿಂದ ಹೊರದಬ್ಬಲು ಹೊರಟದ್ದೂ ಒಂದು ಸುತ್ತೋಲೆಯೇ. ಒಬ್ಬ ಮಂತ್ರಿ ಬರೆದದ್ದನ್ನು ಇನ್ನೊಬ್ಬ ಮಂತ್ರಿ ಒಂದು ಸಹಿಯಿಂದ ಹಿಂದಕ್ಕೆ ಪಡೆಯಬಹುದು. ಮಗುವನ್ನು ಮೂರನೇ ವಯಸ್ಸಿಗೆ ಅಲ್ಲಿಗೆ ಸೇರಿಸುವ ತಂದೆತಾಯಿ, ಅದು ಹದಿನೆಂಟು ತುಂಬಿ ಹೊರಬರುವವರೆಗೆ ಎಷ್ಟು ಮಂತ್ರಿಗಳು ಬದಲಾಗುತ್ತಾರೆ ಎಂದು ಎಣಿಸಲು ಹೋಗುವುದಿಲ್ಲ. ಪಕ್ಕದ ಮನೆಯವರೂ ಸೇರಿಸುತ್ತಾರಾ ಎಂದು ಮೊದಲು ವಿಚಾರಿಸುತ್ತಾರೆ.